ರಾಗಿ ಹೊಲದ ಅಕ್ಕಡಿ ಸಾಲು: ಒಂದು ಟಂಗ್‌ಸ್ಟನ್ ಗಣಿಯಲ್ಲಿ ಅದಿರು ದಾರಿ ತಪ್ಪಿದ ಪ್ರಕರಣ

"ಏನ್ರೀ ಮೇಡಂ, ನಿಮ್ಮ ಕಾಗದದಾಗಿನ ಅದಿರು ನಮ್ಮ ಗಿರಣಿಗೆ ಬರವಲ್ದಲ್ರೀ?"

ರಾತ್ರಿ ಪಾಳಿ ಮುಗಿಸಿ ಬಂದ ಗಿರಣಿ ಉಸ್ತುವಾರಿ ಕ್ಯಾಂಟೀನಿನಲ್ಲಿ ನನ್ನೆದುರು ತಟ್ಟೆ ಇಟ್ಟು ಕೇಳಿದ ಮಾತು ಇದು. ಗಿರಣಿ ಅಂದರೆ ಅದಿರನ್ನು ಅರೆದು ಬೇಕಾದ ಖನಿಜ ಬೇರ್ಪಡಿಸುವ ಘಟಕ. ಅವರು ರಾಯಚೂರು ಕಡೆಯವರು, ನಾನು ಕೋಲಾರ ಜಿಲ್ಲೆಯವಳು. ದೂರದ ದೇಶದ ಆ ಗಣಿಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಹಾಗಾಗಿ ಬೇರೆಯವರು ಮೀಟಿಂಗಿನಲ್ಲಿ ಸುತ್ತಿಬಳಸಿ ಹೇಳಿದ್ದನ್ನು ಅವರು ನೇರವಾಗಿ ಹೇಳಿದರು. ನಮ್ಮ ಜಿಯಾಲಜಿ ವಿಭಾಗದ ಲೆಕ್ಕದ ಪ್ರಕಾರ ಆ ತಿಂಗಳ ಅದಿರಿನ ಗ್ರೇಡ್, ಅಂದರೆ ಕಲ್ಲಿನಲ್ಲಿರುವ ಟಂಗ್‌ಸ್ಟನ್ ಪ್ರಮಾಣ, 100 ಇರಬೇಕಿತ್ತು. ಗಿರಣಿ ಲೆಕ್ಕದಲ್ಲಿ ಬಂದದ್ದು 71.

ಗಣಿಯ ಗುರುತು ಸಿಗಬಾರದು ಎಂದು ದೇಶದ ಹೆಸರು ಬಿಟ್ಟಿದ್ದೇನೆ. ಗ್ರೇಡನ್ನೂ ನಿಜವಾದ ಶೇಕಡಾದಲ್ಲಿ ಹೇಳುವುದಿಲ್ಲ. ನಮ್ಮ ಮಾದರಿ, ಅಂದರೆ ಕೊರೆದ ರಂಧ್ರಗಳ ಫಲಿತಾಂಶದಿಂದ ಕಂಪ್ಯೂಟರಿನಲ್ಲಿ ಕಟ್ಟಿದ ಅದಿರಿನ ಅಂದಾಜು, ಹೇಳಿದ್ದನ್ನು 100 ಎಂದು ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೋಲಿಸಿ ಹೇಳುತ್ತೇನೆ. ಅಳತೆಗಳನ್ನು ಸ್ವಲ್ಪ ತಿದ್ದಿದ್ದೇನೆ. ತಪ್ಪುಗಳನ್ನು ತಿದ್ದಿಲ್ಲ. ಅದರಲ್ಲಿ ದೊಡ್ಡದೊಂದು ನನ್ನದೇ.

ಗಣಿ ಹೇಗಿತ್ತು

ಟಂಗ್‌ಸ್ಟನ್ ಅಂದರೆ ಹಳೇ ಬಲ್ಬಿನೊಳಗಿನ ತಂತಿ. 3422 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗದ ಲೋಹ. ಚಿನ್ನದಷ್ಟೇ ತೂಕ. ಇವತ್ತು ಜಾಸ್ತಿ ಹೋಗುವುದು ಕಾರ್ಬೈಡ್ ಉಪಕರಣಗಳಿಗೆ, ಅಂದರೆ ಲೋಹ ಕತ್ತರಿಸುವ ಬಿಟ್, ಬಂಡೆ ಕೊರೆಯುವ ಬಿಟ್. ಪ್ರಪಂಚದ ಉತ್ಪಾದನೆಯಲ್ಲಿ 80 ಶೇಕಡಾದಷ್ಟು ಚೀನಾದ್ದೇ. 2025ರ ಫೆಬ್ರವರಿಯಲ್ಲಿ ಚೀನಾ ಇದರ ರಫ್ತಿಗೆ ಹಿಡಿತ ಹಾಕಿದ ಮೇಲೆ ಎಲ್ಲರಿಗೂ ಈ ಲೋಹದ ಹೆಸರು ನೆನಪಾಗಿದೆ. ನಮಗೂ ಇದು ಹೊಸದಲ್ಲ. ರಾಜಸ್ಥಾನದ ಡೇಗಾನಾದಲ್ಲಿ ಗಣಿ ಇತ್ತು. ನಮ್ಮ ಕೆಜಿಎಫ್‌ನ ಚಿನ್ನದ ಅದಿರಿನಲ್ಲೂ ಶೀಲೈಟ್ ಎಂಬ ಟಂಗ್‌ಸ್ಟನ್ ಖನಿಜ ಇತ್ತು. ಚಿನ್ನ ತೆಗೆದ ಮೇಲೆ ಅದು ಸಯನೈಡ್ ಗುಡ್ಡಗಳಿಗೆ ಹೋಗಿ ಕೂತಿತು.

ಈ ಲೋಹ ಸಿಗುವುದು ಮುಖ್ಯವಾಗಿ ಎರಡು ಖನಿಜಗಳಲ್ಲಿ. ಒಂದು ಶೀಲೈಟ್. ಬಿಳಿ ಅಥವಾ ಕೆನೆ ಬಣ್ಣ, ಬೇಗ ಪುಡಿಯಾಗುವ ಸ್ವಭಾವ. ಇನ್ನೊಂದು ವುಲ್ಫ್ರಮೈಟ್. ಕಪ್ಪು, ಚಾಕುವಿನ ಅಲಗಿನಂಥ ಹರಳು. ನಮ್ಮ ಗಣಿಯಲ್ಲಿ ಎರಡೂ ಇದ್ದವು. ಈ ಮಾತು ಮುಂದೆ ಬೇಕಾಗುತ್ತದೆ.

ಕೆಳಗೆ ಗ್ರಾನೈಟ್, ಮೇಲೆ ಅದರ ಬಿಸಿಗೆ ಬೆಂದು ಗಟ್ಟಿಯಾದ ಕಪ್ಪು ಕಲ್ಲು. ಆ ಕಪ್ಪು ಕಲ್ಲಿನೊಳಗೆ ಬೆಣಚುಕಲ್ಲಿನ ಎಳೆಗಳು, ನೆಟ್ಟಗೆ ಎದ್ದು ನಿಂತ ಹಾಳೆಗಳ ಹಾಗೆ. ಕೆಲವು ಬೆರಳಗಲ, ಕೆಲವು ಗೇಣಗಲ. ಎಲ್ಲವೂ ಹೆಚ್ಚುಕಡಿಮೆ ಉತ್ತರ ದಕ್ಷಿಣ. ಟಂಗ್‌ಸ್ಟನ್ ಇರುವುದು ಈ ಎಳೆಗಳಲ್ಲಿ ಮಾತ್ರ. ನಡುವಿನ ಕಪ್ಪು ಕಲ್ಲು ಖಾಲಿ. ಇಂಥ ತೆರೆದ ಗಣಿಗಳಲ್ಲಿ ಒಂದು ಟನ್ ಕಲ್ಲಿಗೆ ಎರಡು ಕೆಜಿ ಟಂಗ್‌ಸ್ಟನ್ ಟ್ರೈಆಕ್ಸೈಡ್ ಸಿಕ್ಕರೆ ಒಳ್ಳೆಯ ಅದಿರು ಅಂತ ಲೆಕ್ಕ. ಆ ಎರಡು ಕೆಜಿ ಟನ್ನಿನ ತುಂಬಾ ಹರಡಿಕೊಂಡಿರುವುದಿಲ್ಲ, ಒಂದು ಗೇಣು ಎಳೆಯಲ್ಲಿ ಗುಂಪಾಗಿ ಕೂತಿರುತ್ತದೆ.

ಕೆಲಸದ ಕ್ರಮ ಹೀಗಿತ್ತು. 5 ಮೀಟರ್ ಎತ್ತರದ ಬೆಂಚ್, ಅಂದರೆ ಗಣಿಯಲ್ಲಿ ಮೆಟ್ಟಿಲಿನ ಹಾಗೆ ಕಡಿದ ಹಂತ. ಸಿಡಿಮದ್ದು ತುಂಬಲು ನೆಟ್ಟಗೆ ಕೆಳಕ್ಕೆ ಕೊರೆದ ರಂಧ್ರಗಳು. ಪ್ರತಿ ರಂಧ್ರದ ಬಾಯಿಯ ಸುತ್ತ ಪುಡಿಯ ಗುಪ್ಪೆ. ಆ ಗುಪ್ಪೆಯಿಂದ ಸ್ಯಾಂಪಲ್, ಸ್ಯಾಂಪಲ್ ಲ್ಯಾಬಿಗೆ. ಗ್ರೇಡ್ 40ಕ್ಕಿಂತ ಮೇಲೆ ಬಂದರೆ ಅದಿರು, ಕೆಂಪು ಬಾವುಟ. ಕೆಳಗೆ ಬಂದರೆ ವೇಸ್ಟ್, ನೀಲಿ ಬಾವುಟ. ಬ್ಲಾಸ್ಟ್ ಆದ ಮೇಲೆ ಕೆಂಪು ಗಿರಣಿಗೆ, ನೀಲಿ ವೇಸ್ಟ್ ಗುಡ್ಡಕ್ಕೆ.

ಮೂರು ಟೇಬಲ್, ಒಂದೇ ತಪ್ಪು

71 ಬಂದಾಗ ಮೀಟಿಂಗಿನಲ್ಲಿ ಏನಾಯಿತು ಅಂತ ಗಣಿಯಲ್ಲಿ ಕೆಲಸ ಮಾಡಿದವರು ಊಹಿಸಬಹುದು. ಜಿಯಾಲಜಿಯವರು, ಬ್ಲಾಸ್ಟ್‌ನಲ್ಲಿ ವೇಸ್ಟ್ ಬೆರೆಯುತ್ತಿದೆ ಅಂದೆವು. ಗಣಿಯವರು, ಗಿರಣಿ ಕಳೆದುಕೊಳ್ಳುತ್ತಿದೆ ಅಂದರು. ಗಿರಣಿಯವರು, ಬಂದದ್ದೇ ಕಡಿಮೆ ಅಂದರು. ಮೂರು ತಿಂಗಳು ಇದೇ ಆಯಿತು. ಮೂರು ಕಡೆಯವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇತ್ತು. ಜಗಳ ಎಳೆದಾಡಿದ್ದು ಅದಕ್ಕೇ.

ಮೊದಲು ಲ್ಯಾಬನ್ನು ನೋಡಿದೆವು. ಏನೂ ಇಲ್ಲದ ಬೆಣಚುಕಲ್ಲನ್ನು ಬೇರೆ ಸ್ಯಾಂಪಲ್‌ಗಳ ನಡುವೆ ಸುಮ್ನೆ ಸೇರಿಸಿ ಕಳಿಸುವುದು ಎಲ್ಲ ಕಡೆ ಇರುವ ಪದ್ಧತಿ. ಸೊನ್ನೆ ಬರಬೇಕು. ನಮ್ಮ ಮುಖ್ಯ ಲ್ಯಾಬಿನಿಂದ ಸೊನ್ನೆಯೇ ಬಂತು. ಕೆಲಸ ಜಾಸ್ತಿ ಆದಾಗ ಕಳಿಸುತ್ತಿದ್ದ ಎರಡನೇ ಲ್ಯಾಬಿನಿಂದ ಪ್ರತಿ ಸಲ ಸ್ವಲ್ಪ ಟಂಗ್‌ಸ್ಟನ್ ಬರುತ್ತಿತ್ತು. ಜೊತೆಗೆ ಕೋಬಾಲ್ಟ್ ಕೂಡ. ಕೋಬಾಲ್ಟ್ ಕಂಡ ಕೂಡಲೇ ಬಗೆಹರಿಯಿತು. ಅವರು ಕಲ್ಲು ಅರೆಯುವ ಬಟ್ಟಲು ಟಂಗ್‌ಸ್ಟನ್ ಕಾರ್ಬೈಡ್‌ನದು. ಕಾರ್ಬೈಡ್ ಕಣಗಳನ್ನು ಹಿಡಿದಿಡುವ ಅಂಟು ಕೋಬಾಲ್ಟ್. ಅರೆಯುವಾಗ ಬಟ್ಟಲೇ ಸವೆದು ಸ್ಯಾಂಪಲ್‌ಗೆ ಸೇರುತ್ತಿತ್ತು. ಟಂಗ್‌ಸ್ಟನ್ ಹುಡುಕುವವರು ಟಂಗ್‌ಸ್ಟನ್ ಬಟ್ಟಲಿನಲ್ಲಿ ಅರೆಸಿದೆವು! ಕ್ರೋಮ್ ಸ್ಟೀಲ್ ಬಟ್ಟಲಿಗೆ ಬದಲಾಯಿಸಿದರು. ಆದರೆ ಆ ಲ್ಯಾಬಿಗೆ ಹೋಗುತ್ತಿದ್ದ ಸ್ಯಾಂಪಲ್ ಕಡಿಮೆ. 29 ಅಂಕದ ಅಂತರದಲ್ಲಿ ಒಂದು ಅಂಕವೂ ಅದರಿಂದ ತುಂಬಲಿಲ್ಲ.

ಆಮೇಲೆ ಗುಪ್ಪೆಯ ಸ್ಯಾಂಪಲ್. ಮೊದಲು ಒಂದೇ ಕಡೆ ಗೋರುತ್ತಿದ್ದರು. ನಾಲ್ಕೂ ಬದಿಯಿಂದ ಕೊಳವೆ ಚುಚ್ಚಿ ತೆಗೆಯಲು ಹೇಳಿದೆವು. ಒಂದು ರಂಧ್ರ ಬಿಟ್ಟು ಒಂದರಿಂದ ತೆಗೆಯುತ್ತಿದ್ದುದನ್ನು ಪ್ರತಿ ರಂಧ್ರಕ್ಕೂ ಮಾಡಿದೆವು. ಲ್ಯಾಬ್ ಖರ್ಚು ಎರಡರಷ್ಟಾಯಿತು. ಗಿರಣಿ ಲೆಕ್ಕ ಅಲುಗಲಿಲ್ಲ.

ನಾನು ಸಹಿ ಹಾಕಿದ ಕಾಗದ

ಇನ್ಫಿಲ್ ಡ್ರಿಲ್ಲಿಂಗ್ ಮಾಡೋಣ ಎಂದು ಸೂಚಿಸಿದ್ದು ನಾನೇ. ಅಂದರೆ ಹಳೆಯ ಶೋಧನೆಯ ರಂಧ್ರಗಳ ನಡುವೆ ಇನ್ನಷ್ಟು ರಂಧ್ರ ಕೊರೆದು ಚಿತ್ರವನ್ನು ದಟ್ಟ ಮಾಡುವುದು. ಆರ್‌ಸಿ (ರಿವರ್ಸ್ ಸರ್ಕ್ಯುಲೇಷನ್) ರಿಗ್ ತರಿಸಿದೆವು. ಇದರಲ್ಲಿ ಗಾಳಿಯ ಒತ್ತಡಕ್ಕೆ ಕಲ್ಲಿನ ಚೂರು ಕೊಳವೆಯ ಒಳಗಿನಿಂದಲೇ ಮೇಲೆ ಬರುತ್ತದೆ. ಗುಪ್ಪೆಯ ಹಾಗೆ ನೆಲದ ಮಣ್ಣು ಬೆರೆಯುವುದಿಲ್ಲ, ಗಾಳಿಗೆ ಹಾರಿಹೋಗುವುದೂ ಕಡಿಮೆ.

ಪ್ರಶ್ನೆ ಬಂದದ್ದು ಕೋನದ್ದು. ಹಳೆಯ ಶೋಧನೆಯ ರಂಧ್ರಗಳೆಲ್ಲ ಓರೆಯಾಗಿ, ಎಳೆಗಳಿಗೆ ಅಡ್ಡಲಾಗಿ ಕೊರೆದವು. ನಾವೂ ಹಾಗೇ ಮಾಡಬೇಕಿತ್ತು. ಆದರೆ ಓರೆಗೆ ರಿಗ್ ನಿಲ್ಲಿಸಲು ಜಾಗ ಜಾಸ್ತಿ ಬೇಕು, ಬೆಂಚ್ ಕಿರಿದು, ಡಂಪರ್‌ಗಳು ಓಡಾಡುತ್ತಿವೆ. ಕಂಟ್ರಾಕ್ಟರು ನೆಟ್ಟಗೆ ಕೊರೆದರೆ ದಿನಕ್ಕೆ ಹೆಚ್ಚು ಮೀಟರ್ ಆಗುತ್ತದೆ ಅಂದರು. ಮ್ಯಾನೇಜರು, "ಅದೇ ದುಡ್ಡಿಗೆ ಜಾಸ್ತಿ ರಂಧ್ರ ಸಿಗುತ್ತೆ ಅಲ್ವಾ?" ಅಂದರು. ನನಗೆ ಒಳಗೇ ಇರುಸುಮುರುಸು ಇತ್ತು. ಆದರೂ ಜಾಸ್ತಿ ರಂಧ್ರ ಅನ್ನುವ ಮಾತಿಗೆ ಸೋತೆ. ಸಹಿ ಹಾಕಿದೆ.

ಎರಡು ತಿಂಗಳು ಕೊರೆದೆವು. ಹೊಸ ಮಾದರಿ ಕಂಪ್ಯೂಟರಿನಲ್ಲಿ ನೋಡಲು ಚೆನ್ನಾಗಿತ್ತು. ಡೇಟಾ ದಟ್ಟ, ಬಣ್ಣ ತುಂಬಿದೆ, ತಪ್ಪಿನ ಅಂದಾಜು ಕಡಿಮೆ. ಅದು 97 ಹೇಳಿತು. ಗಿರಣಿಗೆ ಬಂದದ್ದು 69.

ಗೋಡೆ ಮೇಲಿನ ಅರ್ಧ ರಂಧ್ರ

ಶೀಲೈಟಿಗೆ ಒಂದು ಗುಣ ಇದೆ. ಕಡಿಮೆ ತರಂಗಾಂತರದ ಅತಿನೇರಳೆ ದೀಪ ಹಿಡಿದರೆ ನೀಲಿ ಬಿಳಿಯಾಗಿ ಹೊಳೆಯುತ್ತದೆ. ಒಳಗೆ ಮಾಲಿಬ್ಡಿನಂ ಸೇರಿದ್ದರೆ ಹಳದಿಗೆ ತಿರುಗುತ್ತದೆ. ಹಗಲಲ್ಲಿ ಬೆಣಚುಕಲ್ಲಿನ ಪಕ್ಕ ಗುರುತೇ ಸಿಗದ ಖನಿಜ, ಕತ್ತಲಲ್ಲಿ ತಾನೇ ಕರೆಯುತ್ತದೆ. ಮೋಸವೂ ಇದೆ. ಕ್ಯಾಲ್ಸೈಟ್ ಹೊಳೆಯುತ್ತದೆ, ರಿಗ್‌ನಿಂದ ಚೆಲ್ಲಿದ ಎಣ್ಣೆಯೂ ಹೊಳೆಯುತ್ತದೆ. ಬಣ್ಣ ನೋಡಿ ಕಲಿಯಬೇಕು.

69 ಬಂದ ವಾರ ಒಂದು ರಾತ್ರಿ ಕನ್ನಡಕ ಹಾಕಿಕೊಂಡು, ದೀಪ ಹಿಡಿದು ಹೊಸದಾಗಿ ತೆರೆದ ಗೋಡೆ ನೋಡಲು ಹೋದೆ. ಬ್ಲಾಸ್ಟ್ ಆದ ಮೇಲೆ ಕೆಲವು ಕಡೆ ಹಳೆಯ ರಂಧ್ರದ ಅರ್ಧ ಗೋಡೆಯಲ್ಲಿ ಉಳಿದಿರುತ್ತದೆ, ಕೊಳವೆಯನ್ನು ಉದ್ದಕ್ಕೆ ಸೀಳಿದ ಹಾಗೆ. ಅಂಥದ್ದೊಂದು ಅಲ್ಲಿತ್ತು. ಅದರ ಎಡಕ್ಕೆ ಒಂದು ಮೊಳ ದೂರದಲ್ಲಿ ನೀಲಿ ಗೆರೆ, ನೆಲದಿಂದ ಮೇಲಿನವರೆಗೆ. ಬಲಕ್ಕೆ ಇನ್ನೊಂದು, ಅದಕ್ಕಿಂತ ಅಗಲ. ರಂಧ್ರ ಮಾತ್ರ ಎರಡರ ನಡುವೆ, ಯಾವುದಕ್ಕೂ ತಾಗದೆ, 5 ಮೀಟರ್ ನೆಟ್ಟಗೆ ಇಳಿದಿತ್ತು. ನಂಬರ್ ಹುಡುಕಿ ನೋಡಿದೆ. ಆ ರಂಧ್ರದ ಫಲಿತಾಂಶ ಬಹುತೇಕ ಸೊನ್ನೆ. ಆ ಜಾಗ ನೀಲಿ ಬಾವುಟ. ಆ ಕಲ್ಲೆಲ್ಲ ಗುಡ್ಡಕ್ಕೆ ಹೋಗಿಯಾಗಿತ್ತು.

ನಮ್ಮಪ್ಪ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದರು. ಕೆಲವು ಸಾಲು ರಾಗಿ, ಆಮೇಲೆ ಒಂದು ಸಾಲು ಅವರೆ, ಮತ್ತೆ ರಾಗಿ. ಸಾಲಿನ ಉದ್ದಕ್ಕೆ ನಡೆದರೆ ಒಂದೋ ಪೂರ್ತಿ ಅವರೆಯೇ, ಇಲ್ಲವೋ ಕೊನೆವರೆಗೂ ರಾಗಿಯೇ. ಹೊಲದಲ್ಲಿ ಅವರೆ ಎಷ್ಟಿದೆ ಅಂತ ಗೊತ್ತಾಗಬೇಕಾದರೆ ಅಡ್ಡ ನಡೆಯಬೇಕು. ನಾವು ಇಷ್ಟು ದಿನ ಸಾಲಿನ ಉದ್ದಕ್ಕೇ ನಡೆಯುತ್ತಿದ್ದೆವು. ಇನ್ಫಿಲ್ ಅಂತ ಮಾಡಿದ್ದೂ ಅದೇ, ಇನ್ನೂ ಹೆಚ್ಚು ಸಲ ಉದ್ದಕ್ಕೇ ನಡೆದದ್ದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಇದು ನನಗೇ ಅರ್ಥವಾಗಲು ಕೆಲವು ದಿನ ಬೇಕಾಯಿತು. ನೆಟ್ಟಗಿನ ರಂಧ್ರಗಳ ಸರಾಸರಿ ತಪ್ಪಲ್ಲ. ಸಾವಿರ ರಂಧ್ರ ಕೊರೆದರೆ ಕೆಲವು ಎಳೆಯೊಳಗೇ ಇಳಿದು ವಿಪರೀತ ಶ್ರೀಮಂತ ಅನ್ನುತ್ತವೆ, ಹೆಚ್ಚಿನವು ಖಾಲಿ ಅನ್ನುತ್ತವೆ, ಕೂಡಿಸಿದರೆ ಒಟ್ಟು ಸರಿ ಬರುತ್ತದೆ. ಮಾದರಿಯ 97 ಸುಳ್ಳಲ್ಲ ಅನ್ನಿಸಿದ್ದು ಅದಕ್ಕೇ. ಎಡವಿದ್ದು ಆರಿಸುವಾಗ. ಶ್ರೀಮಂತ ಅನ್ನಿಸಿಕೊಂಡ ರಂಧ್ರದ ಸುತ್ತಲಿನ ಕಲ್ಲು ನಿಜವಾಗಿ ಅಷ್ಟು ಶ್ರೀಮಂತವಲ್ಲ, ಅದನ್ನು ಗಿರಣಿಗೆ ಕಳಿಸಿದೆವು. ಖಾಲಿ ಅನ್ನಿಸಿಕೊಂಡದ್ದರ ಸುತ್ತಲಿನ ಕಲ್ಲು ಅಷ್ಟು ಖಾಲಿಯಲ್ಲ, ಅದನ್ನು ಎಸೆದೆವು. ಗಿರಣಿಗೆ ಕಡಿಮೆಯಾದ ಟಂಗ್‌ಸ್ಟನ್ ಕಳುವಾಗಿರಲಿಲ್ಲ. ವೇಸ್ಟ್ ಗುಡ್ಡದಲ್ಲಿತ್ತು.

ಕಸವನ್ನು ಗಿರಣಿಗೆ ಹಾಕಿದ ದಿನ

ಹೇಳುವುದು ಸುಲಭ, ನಂಬಿಸುವುದು ಹೇಗೆ? ದೀಪದ ಫೋಟೋ ತೋರಿಸಿದೆ. ಮ್ಯಾನೇಜರು ಒಂದು ಗೋಡೆಯಿಂದ ಏನು ಗೊತ್ತಾಗುತ್ತದೆ ಅಂದರು. ಸರಿಯಾದ ಮಾತೇ. ಹಾಗಾದರೆ ವೇಸ್ಟನ್ನು ಒಂದು ಪಾಳಿ ಪೂರ್ತಿ ಗಿರಣಿಗೆ ಹಾಕಿ ನೋಡೋಣ ಅಂದೆ. ಅದಕ್ಕೆ ಯಾರೂ ಒಪ್ಪಲಿಲ್ಲ. ಒಂದು ಪಾಳಿಯ ಉತ್ಪಾದನೆ ಬಿಡಲು ಯಾರಿಗೆ ಮನಸ್ಸು ಬರುತ್ತದೆ?

ದಾರಿ ಹುಡುಕಿದ್ದು ರಾಯಚೂರಿನವರು. "ಲೈನರ್ ಬದಲಿ ಮಾಡಾಕ ಗಿರಣಿ ನಿಲ್ಲಸ್ತೀವಲ್ರೀ, ಅದರ ಹಿಂದಿನ ಪಾಳಿ ನಿಮಗ ಕೊಡ್ತೀನಿ. ಹೆಂಗೂ ಕಡಿಗೆ ಗಿರಣಿ ಖಾಲಿ ಮಾಡಬೇಕು" ಅಂದರು. ಲೈನರ್ ಅಂದರೆ ಅರೆಯುವ ಯಂತ್ರದ ಒಳಗಿನ, ಸವೆದಾಗ ಬದಲಾಯಿಸುವ ಹೊದಿಕೆ. ಅವರ ಹೆಸರು ಹಾಕಲಾರೆ. ಆದರೆ ಈ ಪ್ರಕರಣದ ತಿರುವು ಆ ಮಾತು.

ನೀಲಿ ಬಾವುಟದ ಕಲ್ಲನ್ನು ಆರಿಸದೆ, ಎಕ್ಸ್‌ಕವೇಟರಿಗೆ ಸಿಕ್ಕಿದ್ದು ಸಿಕ್ಕ ಹಾಗೆ ತುಂಬಿ ಹಾಕಿದೆವು. ಬಂದ ಗ್ರೇಡ್ 52. ಅದಿರು ಅನ್ನಲು ಇದ್ದ ಗಡಿ, ಅಂದರೆ ಕಟ್ ಆಫ್, 40. ನಾವು ಕಸ ಅಂದದ್ದು ಅದಿರಾಗಿತ್ತು.

ಅದೇ ಪಾಳಿಯಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಗಿರಣಿಗೆ ಒಳಗೆ ಬಂದ ಗ್ರೇಡನ್ನು ನೇರ ಅಳೆಯುತ್ತಿರಲಿಲ್ಲ. ತಯಾರಾದ ಸಾಂದ್ರ ಅದಿರು ಎಷ್ಟು, ಹೊರಹೋದ ಟೇಲಿಂಗ್ಸ್‌ನಲ್ಲಿ, ಅಂದರೆ ಖನಿಜ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿಯಲ್ಲಿ, ಎಷ್ಟು ಉಳಿದಿದೆ ಎಂದು ಕೂಡಿಸಿ ಹಿಂದಕ್ಕೆ ಲೆಕ್ಕ ಹಾಕುತ್ತಿದ್ದರು. ಶೀಲೈಟ್ ಬೇಗ ಪುಡಿಯಾಗಿ ನುಣ್ಣನೆ ಕೆಸರಿಗೆ ಸೇರುತ್ತದೆ, ಭಾರದ ಖನಿಜವನ್ನು ಬೇರ್ಪಡಿಸುವ ಅಲುಗಾಡುವ ಟೇಬಲ್‌ಗಳಿಗೆ ಸಿಗುವುದಿಲ್ಲ. ಟೇಲಿಂಗ್ಸ್ ಸ್ಯಾಂಪಲ್ ತೆಗೆಯುವ ಜಾಗ ಆ ಕೆಸರಿನ ಪೈಪು ಬಂದು ಸೇರುವುದಕ್ಕಿಂತ ಮೊದಲೇ ಇತ್ತು. ಹಾಗಾಗಿ ಕೆಸರಿನಲ್ಲಿ ಹೋದದ್ದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಅದನ್ನು ಸೇರಿಸಿದರೆ ಹಳೆಯ 71 ನಿಜವಾಗಿ 76. ರಾಯಚೂರಿನವರು ಇದನ್ನು ತಾವೇ ಎದ್ದು ನಿಂತು ಮೀಟಿಂಗಿನಲ್ಲಿ ಹೇಳಿದರು. ಅವತ್ತಿನಿಂದ ಬೆರಳು ತೋರಿಸುವುದು ನಿಂತಿತು.

ಬದಲಾಯಿಸಿದ್ದು

ಬ್ಲಾಸ್ಟ್ ರಂಧ್ರದ ಸ್ಯಾಂಪಲ್ ಪೂರ್ತಿ ಬಿಟ್ಟೆವು. ಇದಕ್ಕೆ ತಂಡದಲ್ಲೇ ವಿರೋಧ ಇತ್ತು, ಪುಕ್ಕಟೆ ಸಿಗುವ ಡೇಟಾ ಯಾಕೆ ಬಿಡಬೇಕು ಅಂತ. ತಪ್ಪು ಬಾವುಟ ಹಾಕಿಸುವ ಡೇಟಾ ಪುಕ್ಕಟೆ ಅಲ್ಲ ಎಂದು ನಾನು ಗಟ್ಟಿ ನಿಂತೆ.

ಅದರ ಬದಲು ಆರ್‌ಸಿ ರಂಧ್ರಗಳು, ನೆಲಮಟ್ಟದಿಂದ 60 ಡಿಗ್ರಿ ಓರೆಗೆ, ಪೂರ್ವ ಪಶ್ಚಿಮ ದಿಕ್ಕಿನಲ್ಲಿ. ಮೂರು ಬೆಂಚ್, ಅಂದರೆ 15 ಮೀಟರ್ ಆಳಕ್ಕೆ ಇಳಿಯುವಷ್ಟರಲ್ಲಿ ಇಂಥ ರಂಧ್ರ ಅಡ್ಡಕ್ಕೆ ಎಂಟೂವರೆ ಮೀಟರಿನಷ್ಟು ಸಾಗುತ್ತದೆ. ಹಾಗಾಗಿ ಅಡ್ಡಕ್ಕೆ 8 ಮೀಟರಿಗೊಂದು ರಂಧ್ರ ಇಟ್ಟೆವು. ಒಂದು ಮುಗಿಯುವ ಗೆರೆಯಲ್ಲಿ ಮುಂದಿನದು ಶುರು, ಯಾವ ಎಳೆಯೂ ನುಸುಳಿ ಹೋಗುವುದಿಲ್ಲ. ಎಳೆಗಳ ಉದ್ದಕ್ಕೆ 15 ಮೀಟರ್ ಬಿಟ್ಟರೂ ಸಾಕಾಯಿತು, ಆ ದಿಕ್ಕಿನಲ್ಲಿ ಎಳೆ ಬೇಗ ಬದಲಾಗುವುದಿಲ್ಲವಲ್ಲ. ಒಟ್ಟು ಮೀಟರ್ ನೆಟ್ಟಗಿನ ಇನ್ಫಿಲ್‌ಗಿಂತ ಕಡಿಮೆಯೇ ಆಯಿತು. ಮೂರು ಬೆಂಚಿನ ಫಲಿತಾಂಶ ಒಟ್ಟಿಗೆ ಬರುವುದರಿಂದ ಬ್ಲಾಸ್ಟಿಗೆ ಹಿಂದಿನ ರಾತ್ರಿ ಲ್ಯಾಬಿಗೆ ಫೋನ್ ಮಾಡಿ ಗೋಗರೆಯುವುದೂ ತಪ್ಪಿತು.

ಬಾವುಟ ಹಾಕುವ ರೀತಿಯೂ ಬದಲಾಯಿತು. ಒಂದೊಂದು ರಂಧ್ರಕ್ಕೆ ಒಂದೊಂದು ತೀರ್ಪು ಕೊಡುವುದನ್ನು ಬಿಟ್ಟು, ಎಳೆಗಳು ಒತ್ತಾಗಿ ಇರುವ ಉದ್ದನೆಯ ಪಟ್ಟಿಗಳನ್ನು ಗುರುತಿಸಿ ಪಟ್ಟಿಯನ್ನೇ ಅದಿರು ಅಂದೆವು. ಬ್ಲಾಸ್ಟಿನ ದಿಕ್ಕನ್ನು ಪಟ್ಟಿಯ ಉದ್ದಕ್ಕೆ ತಿರುಗಿಸಿದೆವು. ಸಿಡಿದಾಗ ಕಲ್ಲು ಕೆಲವು ಮೀಟರ್ ಸರಿಯುತ್ತದೆ. ಅಡ್ಡ ಸರಿದರೆ ಅದಿರು ವೇಸ್ಟಿಗೆ ಬೆರೆಯುತ್ತದೆ, ಉದ್ದಕ್ಕೆ ಸರಿದರೆ ಅದಿರು ಅದಿರಿನ ಮೇಲೇ ಬೀಳುತ್ತದೆ.

ಮೊದಲ ತಿಂಗಳು 84. ಎಲ್ಲರೂ ಖುಷಿ. ಎರಡನೇ ತಿಂಗಳು ಎಡವಿದೆವು. ದೀಪದ ಮೇಲೆ ನಮಗೆ ಭಕ್ತಿ ಜಾಸ್ತಿಯಾಗಿತ್ತು. ಪಟ್ಟಿಯ ಅಂಚನ್ನು ರಾತ್ರಿ ದೀಪ ಹಿಡಿದು ತಿದ್ದುತ್ತಿದ್ದೆವು. ಪೂರ್ವದ ಮೂಲೆಯಲ್ಲಿ ಏನೂ ಹೊಳೆಯಲಿಲ್ಲ, ನೀಲಿ ಬಾವುಟ ಹಾಕಿದೆವು. ಎರಡು ವಾರ ಆದ ಮೇಲೆ ಗಿರಣಿಯಿಂದ ಫೋನ್. "ಮೇಡಂ, ಟೇಬಲ್ ಮ್ಯಾಲೆ ಕೆನಿ ಬಣ್ಣದ ಪಟ್ಟಿ ಬಾಜೂಕ ಕರೇ ಪಟ್ಟಿ ಬರಾಕತ್ತೈತಿ ನೋಡ್ರಿ." ಓಡಿದೆ. ಪೂರ್ವದ ಅಂಚಿನಿಂದ ಅಷ್ಟಿಷ್ಟು ಬೆರೆತು ಬಂದ ಅದಿರು ಅದು. ಕಪ್ಪು ಪಟ್ಟಿ ವುಲ್ಫ್ರಮೈಟ್. ಅದು ದೀಪಕ್ಕೆ ಹೊಳೆಯುವುದೇ ಇಲ್ಲ. ಪಠ್ಯಪುಸ್ತಕದ ಮೊದಲ ಪುಟದ ವಿಷಯ. ನಮಗೆಲ್ಲ ಗೊತ್ತಿತ್ತು. ಓರೆ ರಂಧ್ರದ ಲ್ಯಾಬ್ ಫಲಿತಾಂಶ ಅದಿರು ಅಂದದ್ದನ್ನು ನಾವು ದೀಪ ನಂಬಿ ತಿದ್ದಿಬಿಟ್ಟಿದ್ದೆವು. ಅಲ್ಲಿಂದ ಮುಂದೆ ದೀಪ ಅದಿರನ್ನು ಸೇರಿಸಬಹುದು, ತೆಗೆಯುವಂತಿಲ್ಲ ಅಂತ ನಿಯಮ ಮಾಡಿದೆವು.

ಮಳೆಗಾಲದಲ್ಲಿ ಒಂದು ತಿಂಗಳು ಮತ್ತೆ ಕುಸಿಯಿತು. ಆರ್‌ಸಿ ಚೂರು ಒದ್ದೆಯಾಗಿ, ಸ್ಯಾಂಪಲ್ ಪಾಲು ಮಾಡುವ ಸ್ಪ್ಲಿಟರಿಗೆ ಮೆತ್ತಿಕೊಳ್ಳುತ್ತಿತ್ತು. ಆಮೇಲೆ ಮಳೆಗೆ ಮೊದಲೇ ಕೊರೆದು ಮುಗಿಸುವ ಹಾಗೆ ಯೋಜನೆ ಹಾಕಿದೆವು. ಆರು ತಿಂಗಳ ಸರಾಸರಿ 91. ಉಳಿದ 9ರಲ್ಲಿ ಬ್ಲಾಸ್ಟ್‌ನ ಬೆರಕೆ ಇದೆ, ಹಳೆಯ ಮಾದರಿಯ ಅತಿ ಆಸೆಯೂ ಇದೆ. ಅದನ್ನು ಪೂರ್ತಿ ಬಿಡಿಸಲು ನಮ್ಮಿಂದ ಆಗಲಿಲ್ಲ.

ಮತ್ತೆ ಮಾಡುವುದಾದರೆ

ರಿಗ್ ಕರೆಸುವ ಮೊದಲೇ ವೇಸ್ಟನ್ನು ಗಿರಣಿಗೆ ಹಾಕಿ ನೋಡುತ್ತೇನೆ. ಎರಡು ತಿಂಗಳ ಡ್ರಿಲ್ಲಿಂಗ್ ಖರ್ಚಿನ ಮುಂದೆ ಒಂದು ಪಾಳಿ ಏನೂ ಅಲ್ಲ. ಅದು ಮುಗಿಯದೆ ಇನ್ಫಿಲ್ ಕಾಗದಕ್ಕೆ ಸಹಿ ಹಾಕುವುದಿಲ್ಲ. ಮೀಟಿಂಗಿನಲ್ಲಿ ಮೀಟರ್ ಎಷ್ಟು ಎಂದು ಕೇಳುವವರಿಗೆ, ಎಷ್ಟು ಎಳೆ ದಾಟುತ್ತದೆ ಎಂದು ಉತ್ತರ ಕೊಡುತ್ತೇನೆ. ಟೇಲಿಂಗ್ಸ್ ಸ್ಯಾಂಪಲ್ ಎಲ್ಲಿಂದ ತೆಗೆಯುತ್ತಾರೆ ಅಂತ ಪೈಪಿನ ಪಕ್ಕ ನಡೆದು ಕಣ್ಣಾರೆ ನೋಡುತ್ತೇನೆ.

ಮೊದಲ ತಿಂಗಳುಗಳಲ್ಲಿ ಎಸೆದದ್ದರಲ್ಲಿ ಒಂದಷ್ಟನ್ನು ಗುಡ್ಡದಿಂದ ಮರಳಿ ತಂದೆವು. ಇನ್ನೊಂದಷ್ಟು ಕೈಗೆ ಸಿಗಲಿಲ್ಲ, ಯಾಕೆಂದರೆ ಅದನ್ನು ಡಂಪರ್ ರಸ್ತೆಗೆ ಹಾಸಿ ರೋಲರ್ ಓಡಿಸಿಬಿಟ್ಟಿದ್ದರು. ನಾನು ಗಣಿ ಬಿಡುವ ಹಿಂದಿನ ರಾತ್ರಿ ರಾಯಚೂರಿನವರನ್ನು ಕರೆದುಕೊಂಡು ಆ ರಸ್ತೆಗೆ ಹೋದೆ. ಎರಡು ಪಾಳಿಯ ನಡುವಿನ ಅರ್ಧ ಗಂಟೆ, ಡಂಪರ್‌ಗಳು ನಿಂತಿದ್ದವು. ದೀಪ ಹಚ್ಚಿದೆ. ಕಾಲ ಕೆಳಗಿನಿಂದ ತಿರುವಿನವರೆಗೆ ರಸ್ತೆ ತುಂಬಾ ನೀಲಿ ಚುಕ್ಕೆ.

ಅವರು ಸ್ವಲ್ಪ ಹೊತ್ತು ನೋಡಿದರು. "ಇದರ ಮ್ಯಾಲೆ ದಿನಾ ಗಾಡಿ ಓಡಸಾಕತ್ತೀವಲ್ರೀ" ಅಂದರು.